ಕರಿಹಲಗೆಯ ಮೇಲಿದ್ದ ಹೆಂಗಸು

೧೯೮೪ರ ಅಕ್ಟೋಬರ್, ಒಂದು ಮಂಗಳವಾರ, ಮಧ್ಯಾಹ್ನ ಎರಡೂಕಾಲು. ಪಾವಗಡ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ. ಅಲ್ಲಿದ್ದವರು ನಾಲ್ಕು ಜನ: ಸ್ಟಾಫ್ ನರ್ಸ್ ಆಗಿದ್ದ ನಾನು, ಆಯಾ ಸಿದ್ದಮ್ಮ, ಹಾವು ಕಚ್ಚಿದ ಒಬ್ಬ ಹೆಂಗಸು, ಆಕೆಯ ಗಂಡ. ಡಾಕ್ಟರು ರಾಯಚರ್ಲು ಕಡೆ ಕ್ಯಾಂಪಿಗೆ ಹೋಗಿದ್ದರು.

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ, ಇವರಿಗೆ ಜ್ವರವೇನಾದರೂ ಇದೆಯೇ ಎಂದು ನೋಡುವವಳು ನಾನು. ಗಡಿಯಾರ ನೋಡಿ ಕೆಲಸ ಮಾಡಿದವಳು, ಕಂಡದ್ದನ್ನಷ್ಟೇ ಬರೆದವಳು. ಇದನ್ನೂ ಹಾಗೆಯೇ ಬರೆಯುತ್ತೇನೆ.

ಅದಕ್ಕೆ ಮೂರು ವಾರ ಮುಂಚೆ ಮಧುಗಿರಿಯಲ್ಲಿ ನಮಗೆ ತರಬೇತಿ ಇತ್ತು. ಶಿರಾ, ಕೊರಟಗೆರೆಯಿಂದಲೂ ಸಿಸ್ಟರುಗಳು, ಕಾಂಪೌಂಡರುಗಳು ಬಂದಿದ್ದರು. ಪಾಠ ಮಾಡಿದ ಡಾಕ್ಟರು ಯಾವುದಕ್ಕೂ "ಸಾಕ್ಷಿ ಏನು?" ಎನ್ನುವವರು. ಹಿಂದಿನಿಂದ ಹೀಗೇ ಮಾಡುತ್ತಿದ್ದೇವೆ ಎಂದರೆ ಒಪ್ಪುತ್ತಿರಲಿಲ್ಲ. ಹಾವು ಕಚ್ಚಿದವರಿಗೆ ನಮ್ಮ ಕಡೆ ಬೇವಿನ ಸೊಪ್ಪು ತಿನ್ನಿಸುತ್ತಾರೆ; ಕಹಿ ಗೊತ್ತಾದರೆ ವಿಷ ಏರಿಲ್ಲ ಎಂಬ ನಂಬಿಕೆ. ಅವರು ಬೇರೆ ಪರೀಕ್ಷೆ ಕಲಿಸಿದರು. ಒಣಗಿದ ಗಾಜಿನ ಟ್ಯೂಬಿನಲ್ಲಿ ರೋಗಿಯ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಡಬೇಕು; ಟ್ಯೂಬಿಗೆ ಸೋಪು ತಾಗಿದ್ದರೆ ಪರೀಕ್ಷೆ ಕೆಡುತ್ತದೆ. ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆ ಎಂದರ್ಥ.

ಕೊನೆಗೆ ಕರಿಹಲಗೆಯ ಮೇಲೆ ಒಬ್ಬ ರೋಗಿಯನ್ನು ಕಲ್ಪಿಸಿ ಬರೆದರು. ಕಡಲೆಕಾಯಿ ಕೀಳುವಾಗ ಬಲಗಾಲಿನ ಹೆಬ್ಬೆರಳಿಗೆ ಕಚ್ಚಿದೆ. ಬೇವು ಕಹಿ ಎನ್ನುತ್ತಾಳೆ. ಸೆರಗಿನ ತುದಿಯಲ್ಲಿ ಬೀಗದ ಕೈ, ಅದರ ದಾರಕ್ಕೆ ಪೋಣಿಸಿದ ಒಂದು ಕೆಂಪು ಗುಂಡಿ. ಮೊದಲ ಟ್ಯೂಬು ಹೆಪ್ಪುಗಟ್ಟಿದೆ.

"ಸಿಸ್ಟರ್, ಈಗೇನ್ಮಾಡ್ತೀರಿ?" ಎಂದು ನನ್ನನ್ನೇ ಕೇಳಿದರು. ಮನೆಗೆ ಕಳಿಸುತ್ತೇನೆ ಎಂದೆ.

"ಕಳಿಸಿದ್ರಿ. ಸಂಜೆ ಆರೂ ಐವತ್ತಕ್ಕೆ ದಾರೀಲೇ ತೀರಿಕೊಂಡ್ಳು. ಇನ್ನೊಂದು ಸಲ ಯಾಕೆ ನೋಡ್ಲಿಲ್ಲ?"

ಎಲ್ಲರೂ ನಕ್ಕರು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮಂಗಳವಾರ ಬಂದ ಹೆಂಗಸಿಗೂ ಕಡಲೆಕಾಯಿ ಹೊಲದಲ್ಲೇ ಕಚ್ಚಿತ್ತು, ಬಲಗಾಲಿನ ಹೆಬ್ಬೆರಳಿಗೆ. ಸುಗ್ಗಿಯ ಕಾಲ, ಅದರಲ್ಲೇನೂ ವಿಶೇಷವಿಲ್ಲ. ರಕ್ತ ತೆಗೆಯಲು ಆಕೆಯ ಸೆರಗು ಸರಿಸಿದಾಗ ಬೀಗದ ಕೈ ಮಂಚದ ಕಬ್ಬಿಣಕ್ಕೆ ತಾಗಿ ಸದ್ದಾಯಿತು. ನೋಡಿದೆ. ಅದರ ದಾರದಲ್ಲಿ ಕೆಂಪು ಗುಂಡಿಯಿತ್ತು. ಸೂಜಿಯನ್ನು ತಟ್ಟೆಯಲ್ಲಿಟ್ಟು, ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಆಮೇಲೆ ರಕ್ತ ತೆಗೆದೆ.

ಮೊದಲ ಟ್ಯೂಬು ಹೆಪ್ಪುಗಟ್ಟಿತು.

"ಬೇವು ಕಯ್ಯಿ ಅಂತಾವ್ಳೆ ಕಣಮ್ಮ, ಇಸ ಏರಿಲ್ಲ. ನೀವೂ ನೋಡಿದ್ರಲ್ಲ. ಬುಟ್ಬುಡಿ, ನಾಕ್ ಗಂಟೆ ಬಸ್ಸು ಹೊಂಟೋಯ್ತದೆ," ಎಂದು ಗಂಡ ಎದ್ದು ನಿಂತ.

ಸಿದ್ದಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬಸ್ಸು ನಾಳೀಕೂ ಬತ್ತೈತೆ ಕಣಣ್ಣ. ಎಂಡ್ತಿ ಬತ್ತಾಳಾ? ಕುಂತ್ಕೊ."

ಒಂದು ಗಂಟೆ ಬಿಟ್ಟು ತೆಗೆದ ಎರಡನೆಯ ಟ್ಯೂಬೂ ಹೆಪ್ಪುಗಟ್ಟಿತು. ಬಸ್ಸು ಹೋದ ಸದ್ದು ಕೇಳಿಸಿತು. ಆತ ನನ್ನನ್ನು ದುರುಗುಟ್ಟಿ ನೋಡಿದ. ನನ್ನ ಬಳಿ ಸಾಕ್ಷಿಯಿರಲಿಲ್ಲ, ಒಂದು ಗುಂಡಿಯಿತ್ತು ಅಷ್ಟೇ. ಅದನ್ನು ಆತನಿಗೆ ಹೇಗೆ ಹೇಳಲಿ? ಐದು ಗಂಟೆಗೆ ಮೂರನೆಯ ಟ್ಯೂಬನ್ನು ಓರೆ ಮಾಡಿದೆ. ರಕ್ತ ನೀರಿನಂತೆ ಹರಿಯಿತು. ಆಕೆಯ ವಸಡಿನಲ್ಲೂ ರಕ್ತ ಕಾಣಿಸಿಕೊಂಡಿತು. ಅಷ್ಟರಲ್ಲಿ ನಮ್ಮ ಡಾಕ್ಟರು ಕ್ಯಾಂಪಿನಿಂದ ಬಂದರು. ಹಾವಿನ ವಿಷ ಇಳಿಸುವ ಇಂಜೆಕ್ಷನ್ನನ್ನು ಡ್ರಿಪ್ಪಿನಲ್ಲಿ ಹಾಕಿದೆವು.

ಡ್ರಿಪ್ಪು ಇಳಿಯುವಾಗ ಆ ಗುಂಡಿ ಯಾವಾಗಿನದೆಂದು ಕೇಳಿದೆ. "ಮಗೀನ ಅಂಗೀದು ಕಿತ್ತೋಗಿತ್ತು. ಓದ್ ಸೋಮಾರ ಪೋಣಿಸ್ಕೊಂಡೆ ಕಣಮ್ಮ," ಎಂದಳು.

ಹೋದ ಸೋಮವಾರ. ನಮ್ಮ ಪಾಠ ಅದಕ್ಕೂ ಮುಂಚಿನದು.

ಮುಂದಿನ ತಿಂಗಳು ಮಧುಗಿರಿಯಲ್ಲಿ ಆ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. "ರೋಗಿ ನಿಮಗೆಲ್ಲ ನೆನಪಿರ್ಲಿ ಅಂತ ಗುಂಡಿ ಮಾತು ಸೇರಿಸ್ದೆ, ಅಷ್ಟೇ," ಎಂದರು. ಆಮೇಲೆ ಅವರು ಎಂದೂ ರೋಗಿಯನ್ನು ಕಲ್ಪಿಸಿ ಬರೆಯಲಿಲ್ಲ; ಹಳೆಯ ಕೇಸ್ ಶೀಟುಗಳನ್ನೇ ತರುತ್ತಿದ್ದರು. ಆ ಗುಂಡಿ ಹೇಗೆ ಹೊಂದಿತೆಂದು ಅವರಿಗೂ ತಿಳಿಯಲಿಲ್ಲ, ನನಗೆ ಇವತ್ತಿಗೂ ತಿಳಿದಿಲ್ಲ.

ಆ ಮಂಗಳವಾರ ಆರೂವರೆಯಿಂದ ನಾನು ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ಆಕೆ ಕಣ್ಣು ಮುಚ್ಚಿದ್ದಳು. ನಾಡಿ ಹಿಡಿದೇ ಕುಳಿತಿದ್ದೆ. ಆರೂ ಐವತ್ತಕ್ಕೆ ಸರಿಯಾಗಿ ನನ್ನ ಬೆರಳಡಿಯಲ್ಲಿ ಆಕೆಯ ಕೈ ಅಲುಗಿತು.

"ಸಿಸ್ಟರಮ್ಮ, ನನ್ ಬೀಗದ ಕೈ ಎಲ್ಲಿ?"

ಅದನ್ನು ಆಕೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಕೇಸ್ ಶೀಟಿನಲ್ಲಿ ಬರೆದೆ: ೬-೫೦, ರೋಗಿಗೆ ಎಚ್ಚರವಿದೆ, ಮಾತಾಡಿದಳು. ಆಮೇಲೆ ಮೂರೂ ಟ್ಯೂಬುಗಳನ್ನು, ಕಲಿಸಿದ್ದ ಹಾಗೆ ಸೋಪು ತಾಗಿಸದೆ ತೊಳೆದು, ಒಣಗಲು ಬೋರಲು ಹಾಕಿದೆ.