ವಸ್ತಾದರ ಎಡಗಾಲು

1998ರಲ್ಲಿ, ಎಂಟನೇ ಇಯತ್ತೆ ಮುಗಿಯುವ ಮೊದಲೇ ನಾನು ಶಾಲೆ ಬಿಟ್ಟೆ. ಹಗಲು ಇಳಕಲ್ಲಿನ ಗ್ರಾನೈಟ್ ಕ್ವಾರಿ, ಸಂಜೆ ಹುನಗುಂದದಲ್ಲಿ ಕುಸ್ತಿಯ ಗುರು ಮಲ್ಲಪ್ಪ ವಸ್ತಾದರ ಗರಡಿ. ಒಳಗೆ ಕಾಲಿಡುವ ಮೊದಲು ಪ್ರತಿಯೊಬ್ಬನೂ ಅವರ ಮುಖದ ಮೇಲೆ ಉಸಿರು ಬಿಡಬೇಕು. ಬೀಡಿಯ ವಾಸನೆ ಬಂದರೆ ಕಪಾಳಕ್ಕೆ ಏಟು. ಮೊದಲ ವಾರ ನನಗೆ ಬಿದ್ದ ಏಟಿಗೆ ಕಿವಿ ಗುಂಯ್ ಎನ್ನುವುದು ನಿಲ್ಲಲೇ ಇಲ್ಲ.

"ಎದಿ ಅಂದ್ರ ದೇವರ ಮನಿ ಇದ್ದಂಗ. ಅದರಾಗ ಹೊಗಿ ಹಾಕಬ್ಯಾಡ," ಎಂದು ಇನ್ನೊಂದು ಬಾರಿಸಿದ್ದರು.

ಕಲಿಸುತ್ತಿದ್ದದ್ದೂ ಹಾಗೆಯೇ. ಕೆಮ್ಮಣ್ಣಿನಲ್ಲಿ ಎತ್ತಿ ಒಗೆದು, ಎದೆಯ ಮೇಲೆ ಮಂಡಿಯೂರಿ, "ಉಸಿರು ಹೋದ್ರ ಹೋಗ್ಲಿ, ಹಿಡತ ಬಿಡಬ್ಯಾಡಲೇ," ಎನ್ನುತ್ತಿದ್ದರು. ಬಾದಾಮಿಯ ಕುಸ್ತಿಯೊಂದರಲ್ಲಿ ಎದುರಾಳಿ ಅವರ ಕಿವಿ ಕಚ್ಚಿ ಹರಿದ. ವಸ್ತಾದರು ರಕ್ತ ಒರೆಸಿಕೊಳ್ಳದೆ ಅವನ ತೋಳು ತಿರುವಿ ಕೆಡವಿದರು. ಆಮೇಲೆ ಆ ತೋಳಿಗೆ ತಾವೇ ಎಣ್ಣೆ ಹಚ್ಚಿ ತಿಕ್ಕಿದರು. ಬಾವಿರಲಿ, ಉಳುಕಿರಲಿ, ಗರಡಿಯಲ್ಲಿ ತಿಕ್ಕುವುದೇ ಮದ್ದು. ಗುರುವಿನ ಕಾಲು ತಿಕ್ಕುವುದು ಶಿಷ್ಯನ ಪುಣ್ಯ.

2009ರಲ್ಲಿ ಅವರ ಕೆಮ್ಮಿನಲ್ಲಿ ರಕ್ತ ಬಂತು. ಮಕ್ಕಳಿಲ್ಲದ ಅವರನ್ನು ಬಾಗಲಕೋಟೆಗೆ ನಾನೇ ಕರೆದೊಯ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಎಂದ ಡಾಕ್ಟರರ ಕಾಲರನ್ನು ವಸ್ತಾದರು ಹಿಡಿದೆಳೆದು, ಅವರ ಮುಖಕ್ಕೆ ಉಸಿರು ಬಿಟ್ಟರು.

"ಮೂಸ್ರಿ. ಬೀಡಿ ವಾಸನಿ ಐತೇನು?"

ಡಾಕ್ಟರರು ಕಾಲರ್ ಬಿಡಿಸಿಕೊಳ್ಳಲಿಲ್ಲ. "ಇಲ್ರಿ ಯಜಮಾನ್ರ. ಎದಿಯೊಳಗಿನ ಗಡ್ಡಿ ತುಣುಕು ಪರೀಕ್ಷಾ ಮಾಡಿಸೇವಿ. ಅದರಾಗ ಒಂದು ಜೀನ್ ಬದಲಾಗೇದ. ಬೀಡಿ ಸೇದದವರಿಗೂ ಹಿಂಗ ಆಗ್ತದ." ಕೆಲವು ದಿನಗಳಿಂದ ಬಾತಿದ್ದ ವಸ್ತಾದರ ಎಡಗಾಲು ಒತ್ತಿ ನೋಡಿ ಮುಂದುವರಿಸಿದರು: "ಈ ರೋಗದಾಗ ರಕ್ತ ಜಲ್ದಿ ಹೆಪ್ಪುಗಟ್ಟತದ. ಆ ಜೀನಿಗೂ ಇದಕ್ಕೂ ನಂಟದನೋ ಏನೋ, ಇನ್ನೂ ಪಕ್ಕಾ ಗೊತ್ತಿಲ್ಲ. ಹೆಪ್ಪು ಬೆಳೀಲಾರದಂಗ ಸೂಜಿ ಬರಕೊಡ್ತೇನಿ. ಕಾಲು ಮಾತ್ರ ತಿಕ್ಕಬ್ಯಾಡ್ರಿ. ಕಾಲಾಗಿನ ಹೆಪ್ಪು ಕಿತ್ತು ಶ್ವಾಸಕೋಶಕ್ಕ ಹೋದ್ರ ಜೀವಾನ ಹೋಗ್ತದ."

ಆ ಸಂಜೆ ವಸ್ತಾದರ ಕಾಲು ತಿಕ್ಕಲು ಶಿಷ್ಯರು ಎಣ್ಣೆಯ ಬಟ್ಟಲು ಹಿಡಿದು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಸರೀರಿ, ಎಂಟನೇ ಇಯತ್ತೆ ಡಾಕ್ಟರ ಬಂದಾನ," ಎಂದು ಹಿರಿಯ ಶಿಷ್ಯ ಸಂಗಪ್ಪ ತಳ್ಳಿದ. ಅವನ ಮೂಗಿಗೆ ಗುದ್ದಿದೆ. ಮೂಳೆ ಮುರಿದದ್ದು ಕೈಗೆ ತಿಳಿಯಿತು. ಎಣ್ಣೆ, ರಕ್ತ, ಮಣ್ಣು ಒಂದಾದವು. ವಸ್ತಾದರು ಕುಂಟುತ್ತ ಬಂದು ಕೋಲಿನಿಂದ ನನ್ನ ಹುಬ್ಬು ಒಡೆದರು.

"ಹುಡುಗೂರ ಪುಣ್ಯಾ ತಪ್ಪಿಸ್ತೀಯೇನಲೇ?"

"ಕೊಂದುಬಿಡ್ರಿ ಬೇಕಾದ್ರ. ತಿಕ್ಕಾಕ ಬಿಡಂಗಿಲ್ಲ."

ಮತ್ತೆ ಹೊಡೆದರು. ನಾನು ಅವರ ಸೊಂಟ ಅಪ್ಪಿ ಹಿಡಿದೆ. ಕೊಸರಾಡಿ ಸೋತ ಮೇಲೆ, "ಈಗ ಬಂತು ನಿನಗ ಹಿಡತ," ಎಂದು ಕೋಲು ಬಿಟ್ಟರು.

ದಿನವೂ ಅವರ ಹೊಟ್ಟೆಗೆ ಸೂಜಿ ಚುಚ್ಚಿ ಕ್ವಾರಿಗೆ ಹೋಗುತ್ತಿದ್ದೆ. ಬಾವು ಅರ್ಧ ಇಳಿಯಿತು. ಒಂದು ಸಂಜೆ ಮರಳಿದಾಗ ಎಡಗಾಲು ಎಣ್ಣೆಯಿಂದ ಮಿರುಗುತ್ತಿತ್ತು. ವಸ್ತಾದರ ತುಟಿ ನೀಲಿಯಾಗಿ, ಎದೆ ತಿದಿಯಂತೆ ಏರಿಳಿಯುತ್ತಿತ್ತು.

"ನೋವು ತಾಳಲಾರದ ಕರಿಸಿದ್ರು," ಸೊಟ್ಟ ಮೂಗಿನ ಸಂಗಪ್ಪ ಅಳುತ್ತಿದ್ದ. "ಗುರುವಿಗೆ ಹ್ಯಾಂಗ ಒಲ್ಲೆ ಅನ್ನಲಿ?"

ಅವನ ಮೇಲೆ ಎತ್ತಿದ ನನ್ನ ಮುಷ್ಟಿಯನ್ನು ವಸ್ತಾದರು ಹಿಡಿದರು. ನನ್ನನ್ನು ಬಗ್ಗಿಸಿಕೊಂಡು, ಉಳಿದಿದ್ದ ಉಸಿರನ್ನು ಮುಖದ ಮೇಲೆ ಬಿಟ್ಟರು.

"ಇಲ್ರಿ ವಸ್ತಾದರ," ಎಂದೆ. "ವಾಸನಿ ಇಲ್ಲ."

ಹಿಡಿತ ಸಡಿಲಾಯಿತು.

ಈಗ ನನಗೆ ಸ್ವಂತದ ಕಲ್ಲು ಕೊಯ್ಯುವ ಯಂತ್ರ ಒಂದು, ಟ್ರ್ಯಾಕ್ಟರ್ ಒಂದು, ಹೆಣ್ಣುಮಕ್ಕಳು ಇಬ್ಬರು, ಹುಬ್ಬಿನ ಮೇಲೆ ಗಾಯದ ಗುರುತು ಒಂದು.