ಕಿನು ತನ್ನ ಮನೆಗೆ ಬೆಂಕಿ ಇಟ್ಟದ್ದು

ಜಪಾನಿನ ಕೀ ಸೀಮೆಯ ಒಂದು ಕಣಿವೆಯಲ್ಲಿ ಹೊಳೆಗುಂಟ ಮರದ ದಿಮ್ಮಿ ತೇಲಿಸುವವರ ಪೈಕಿ ಅಕ್ಷರ ಬಲ್ಲವನೆಂದರೆ ಕಿನುವಿನ ಗಂಡ ತೋರಾಕಿಚಿ ಒಬ್ಬನೇ. ಟೋಕಿಯೋದಿಂದ ಬರುತ್ತಿದ್ದ ಸಮಾಜವಾದಿಗಳ ಪತ್ರಿಕೆಯನ್ನು ಜೊತೆಯವರಿಗೆ ಓದಿ ಹೇಳುತ್ತಿದ್ದ. ಯುದ್ಧ ಬೇಡ, ದುಡಿದವನಿಗೇ ಫಲ ಎಂದಾಗ ಎಲ್ಲರಿಗಿಂತ ಮೊದಲು ತಲೆದೂಗುತ್ತಿದ್ದವನು ದೋಣಿಯ ಕಾನ್ಬೆ. ಓದು ಬಾರದ ಕಿನುವಿನ ಮಟ್ಟಿಗೆ ಸಮಾಜವಾದವೆಂದರೆ ಇನ್ನಷ್ಟು ಚಹಾ ಬಟ್ಟಲು ತೊಳೆಯುವುದು, ಅಷ್ಟೇ.

ಪೊಲೀಸರು ಗಂಡನನ್ನು ಹಿಡಿದೊಯ್ದ ಮರುದಿನವೇ ಊರು ಅವಳಿಗೆ ಬಹಿಷ್ಕಾರ ಹಾಕಿತು. ಬೆಂಕಿ ಬಿದ್ದರೆ ಆರಿಸಲು, ಸತ್ತರೆ ಹೆಣ ಎತ್ತಲು, ಈ ಎರಡಕ್ಕೆ ಬಿಟ್ಟು ಯಾರೂ ಅವಳ ಹೊಸಿಲು ತುಳಿಯುವಂತಿಲ್ಲ. ಅದು ಅಲ್ಲಿನ ಹಳೇ ಕಟ್ಟುಪಾಡು. ತಲೆದೂಗಿದವರೆಲ್ಲ ತಲೆ ತಗ್ಗಿಸಿ ನಡೆದರು, ಪುಣ್ಯಾತ್ಮರು!

ಬಹಿಷ್ಕಾರದ ಏಳನೇ ತಿಂಗಳಿಗೆ ಆರು ವರ್ಷದ ಮಗಳು ಮಿಯೋಳ ಗಂಟಲು ಬಾತು ಉಸಿರು ಸಿಕ್ಕಿಕೊಳ್ಳತೊಡಗಿತು. ವೈದ್ಯರು ಹೊಳೆಯಾಚೆ. ಕಿನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಡವಿಗೆ ಓಡಿದಳು.

"ಕಾನ್ಬೆಯಣ್ಣಾ, ನಿನ್ ಕಾಲಿಗ್ ಬೀಳ್ತೀನಿ, ದಾಟಿಸು."

ಕಾನ್ಬೆ ಅವಳತ್ತ ನೋಡಲಿಲ್ಲ. "ನಂಗೂ ಮೂರು ಮಕ್ಳವೆ. ನಾಳೆ ನನ್ ಮನೇಗೂ ಇದೇ ಗತಿ ಆಗುತ್ತೆ."

"ಸತ್ರೆ ಹೊರೋಕ್ ಬರ್ತೀಯಲ್ಲ, ಬದುಕಿರೋವಾಗ ಏನು ಧಾಡಿ ನಿಂಗೆ?"

ಅವನು ಹುಟ್ಟು ಎತ್ತಿಟ್ಟ.

ಕಿನು ಮನೆಗೆ ಬಂದಳು. ಮಗುವನ್ನು ಅಂಗಳದಾಚೆ ಮಲಗಿಸಿ, ಒಲೆಯ ಕೊಳ್ಳಿ ತೆಗೆದು ತನ್ನದೇ ಹುಲ್ಲು ಮಾಡಿಗೆ ಇಟ್ಟಳು.

ಊರ ಗಂಟೆ ಮೊಳಗಿತು. ಎಲ್ಲರೂ ಕೊಡ ಹೊತ್ತು ಓಡಿಬಂದರು, ಕಾನ್ಬೆಯೂ ಬಂದ. ಕಿನು ಊರ ಯಜಮಾನ ಕುಮೆಜಿಯ ತೋಳು ಹಿಡಿದು ಚೀರಿದಳು: "ಬೆಂಕಿ ಬಿದ್ದಿದೆ ಯಜಮಾನ್ರೇ! ಈಗ್ಲಾದ್ರೂ ಬರ್ಬೋದಲ್ಲ? ಮಗೂನ ದಾಟಿಸಿ!"

ಕುಮೆಜಿ ಮಗುವನ್ನು ನೋಡಿದ, ಉರಿಯನ್ನು ನೋಡಿದ. ಮುದುಕನಿಗೆ ಅರ್ಥವಾಯಿತು. ಆ ಮನೆ ಊರಿನಿಂದ ದೂರ, ಒಂಟಿ; ಉರಿ ಬೇರೆ ಮನೆಗೆ ಹಬ್ಬುವಂತಿರಲಿಲ್ಲ.

"ಕಾನ್ಬೆ, ಮಗೂನ ಎತ್ಕೊಂಡು ಓಡು. ಉಳಿದೋರು ನೀರು ಹಾಕ್ಬೇಡಿ. ಬೆಂಕಿ ಆರಿದ್ರೆ ಮತ್ತೆ ಕಟ್ಟುಪಾಡೇ. ಇವ್ನು ವಾಪಸ್ ಬರೋತನ್ಕ ಉರೀಲಿ."

ದೋಣಿ ನಡುಹೊಳೆಯಲ್ಲಿದ್ದಾಗ ಕಿನು ತಿರುಗಿ ನೋಡಿದಳು. ತುಂಬಿದ ಕೊಡ ಹಿಡಿದು ಊರೆಲ್ಲ ನಿಂತಿತ್ತು. ಉರಿ ತಗ್ಗಿದಾಗ ಕುಮೆಜಿಯ ಹೆಂಡತಿ, ಕಿನು ಚಳಿಗಾಲಕ್ಕೆಂದು ಕೂಡಿಟ್ಟ ಸೌದೆಯನ್ನೇ ತಂದು ಒಟ್ಟುತ್ತಿದ್ದಳು.

ವೈದ್ಯರ ಕೈಗುಣ, ಮಿಯೋ ಉಳಿದಳು. ಕಾನ್ಬೆ ವಾಪಸಾಗಿ ದೋಣಿ ಕಟ್ಟಿದ ಮೇಲೆ ಊರು ಬೂದಿಗೆ ನೀರು ಹೊಯ್ದು ಮನೆಗೆ ಹೋಯಿತು. ಮೂರನೇ ದಿನ ಕಿನು ಮಗಳನ್ನು ಹೊತ್ತು ಆಚೆ ದಡಕ್ಕೆ ಬಂದು ಕೂಗಿದಳು. ಕಾನ್ಬೆ ಕೇಳಿಸಿದರೂ ಕೇಳಿಸದವನಂತೆ ಬಲೆ ನೇಯುತ್ತಿದ್ದ.