ಕಂಬಳಿಯೊಳಗಿನ ಕತ್ತಲೆ

ಕೊಣ್ಣೂರಿನ ಭೀಮಶಿ ಕಂಬಳಿ ಹೊದ್ದು ಕೂತನೆಂದರೆ ಸುತ್ತಲಿನ ಬಣ್ಣಗಳೆಲ್ಲ ಹೆದರಿ ಓಡುತ್ತವೆ ಎಂದು ಗೋಕಾಕದಲ್ಲಿ ಹೇಳುತ್ತಿದ್ದರು. ಮೂಡಲಗಿ ತಲುಪುವಷ್ಟರಲ್ಲಿ ಅದು, ಹದಿನಾಲ್ಕು ವರ್ಷ ಬಣ್ಣದ ಸಿನಿಮಾದ ಕಡೆ ಕಣ್ಣೆತ್ತದ ಕಠೋರ ವ್ರತವಾಯಿತು. ಹುಕ್ಕೇರಿಯಲ್ಲಿ ಬಸ್ಸಿಳಿಯುವ ಹೊತ್ತಿಗೆ, ಅವನು ಎದುರಿಗೆ ಬಂದರೆ ಟಿವಿ ತಾನಾಗಿಯೇ ಕಪ್ಪು-ಬಿಳುಪಾಗುತ್ತದೆ ಎಂಬಲ್ಲಿಗೆ ಬಂದು ನಿಂತಿತ್ತು.

ಕಣ್ಣಿಗೆ ಕಾಣುತ್ತಿದ್ದದ್ದು ಇಷ್ಟೇ. ಕುರಿ ಕಾಯುವ ಮನೆತನದ ಭೀಮಶಿ, ಕುರಿಗಳನ್ನು ತಮ್ಮನಿಗೆ ಬಿಟ್ಟು ಎರಡೆಕರೆ ಕಬ್ಬು ಮಾಡಿಕೊಂಡಿದ್ದ. ಹಗಲು ಹೊಲದ ಬದುವಿನ ಮೇಲೆ ಕೂತು, ತಲೆಯ ಮೇಲೆ ಕಂಬಳಿ ಎಳೆದುಕೊಂಡು, ಮೊಬೈಲಿನಲ್ಲಿ ಹಳೆಯ ಇಂಗ್ಲಿಷ್ ಕೊಲೆ-ಸುಲಿಗೆಯ ಚಿತ್ರಗಳನ್ನು ನೋಡುತ್ತಿದ್ದ. ಉದ್ದ ಕೋಟು, ಹ್ಯಾಟು, ತೊಯ್ದ ಬೀದಿ, ಗೋಡೆಯ ಮೇಲೆ ಆಳಿಗಿಂತ ದೊಡ್ಡ ನೆರಳು, ಕೊನೆಗೆ ನಂಬಿದವನನ್ನು ಪೊಲೀಸರಿಗೆ ಒಪ್ಪಿಸುವ ಚೆಲುವೆ. ಅವನಿಗೆ ಇಂಗ್ಲಿಷ್ ಬಾರದು. ಗೋಕಾಕದ ಮೊಬೈಲ್ ಅಂಗಡಿಯಲ್ಲಿ ಹಳೇ ಪಿಚ್ಚರ್ ಹಾಕಿಕೊಡಿ ಎಂದದ್ದಕ್ಕೆ ಅಂಗಡಿಯವನು ಇನ್ಯಾರದೋ ಮೆಮರಿ ಕಾರ್ಡಿನಿಂದ ಇಂಥ ನಲವತ್ತನ್ನು ತುಂಬಿಕೊಟ್ಟಿದ್ದ.

ಇದು ಶಿದ್ಲಿಂಗಪ್ಪ ಸರ್ ಅವರ ಕಿವಿಗೆ ಬಿದ್ದದ್ದು ಅವರ ಅತಿ ದೊಡ್ಡ ಸಂಕಟದ ವಾರದಲ್ಲಿ. ಸರ್ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ವಾಣಿಜ್ಯ. ಬದುಕುತ್ತಿದ್ದದ್ದು ಫಿಲ್ಮ್ ನುವಾರ್‌ನಲ್ಲಿ. ಈ ಕಪ್ಪು-ಬಿಳುಪಿನ ಅಪರಾಧ ಚಿತ್ರಗಳಿಗೆ ತಿಳಿದವರು ಇಟ್ಟ ಹೆಸರದು. ಸರ್ ಆ ಹೆಸರನ್ನು ಮೂಗಿನಿಂದ ಹೇಳುತ್ತಿದ್ದರು. ಮೇ ತಿಂಗಳ ಗೋಕಾಕದಲ್ಲಿ ಉಣ್ಣೆಯ ಹ್ಯಾಟು ಹಾಕಿಕೊಂಡು ತಿರುಗಿ, ಹಣೆಯ ಬೆವರನ್ನು ವಿಧಿಯ ಭಾರ ಎಂದುಕೊಳ್ಳುತ್ತಿದ್ದರು. ವಾಚನಾಲಯದ ಮಾಳಿಗೆಯ ಕೋಣೆಯಲ್ಲಿ ಅವರ 'ಛಾಯಾ ಬಳಗ' ರವಿವಾರಕ್ಕೊಮ್ಮೆ ಸೇರುತ್ತಿತ್ತು. ಸದಸ್ಯರು ನಾಲ್ವರು. ಒಬ್ಬ ಅವರ ಅಳಿಯ, ಇನ್ನೊಬ್ಬ ಫ್ಯಾನಿನ ಗಾಳಿಗೆ ಬರುತ್ತಿದ್ದವನು.

ವಾಚನಾಲಯದ ಅಧ್ಯಕ್ಷೆ, ನಿವೃತ್ತ ಶಿಕ್ಷಕಿ ಸುಂದ್ರವ್ವ ಕೊನೆಗೆ ಹೇಳಿಯೇಬಿಟ್ಟರು: "ಸರ, ಎರಡು ವರ್ಷ ಆತು, ಹಿಂದ ಕುಂತ ಕೇಳಾಕತ್ತೇನಿ. ಒಂದು ಅಕ್ಷರ ತಿಳಿದಿಲ್ಲ. ಈ ರವಿವಾರ ನನಗ ತಿಳಿಯೂಹಂಗ ಯಾರರೆ ನಾಕ ಮಾತ ಆಡಿದ್ರ ಕೋಣಿ ನಿಮ್ಮದ. ಇಲ್ಲಂದ್ರ ಸೋಮವಾರದಿಂದ ಹೊಲಿಗಿ ಕ್ಲಾಸಿಗೆ ಕೊಡ್ತೇನಿ."

ಹೊಲಿಗೆ ಯಂತ್ರಗಳಿಗೆ ಕಲೆ ಬಲಿಯಾಗಬಾರದೆಂದು ಸರ್ ಕೊಣ್ಣೂರಿನ ಬಸ್ಸು ಹತ್ತಿದರು. ಹೊಲದಂಚಿನ ಬೇವಿನ ಮರದ ಹಿಂದೆ ಹ್ಯಾಟು ಓರೆ ಮಾಡಿಕೊಂಡು, ಪತ್ತೇದಾರನಂತೆ ಒಂದೂವರೆ ತಾಸು ನಿಂತರು. ಕೆಂಪಿರುವೆ ಕಡಿದರೂ ಕದಲಲಿಲ್ಲ. ಕಂಡದ್ದನ್ನೆಲ್ಲ ವಹಿಯಲ್ಲಿ ಬರೆದುಕೊಂಡರು. ಈತ ಕಂಬಳಿಯಿಂದ ತನ್ನದೇ ಕತ್ತಲೆ ಕಟ್ಟಿಕೊಳ್ಳುತ್ತಾನೆ. ದನಿ ಪೂರ್ತಿ ಬಂದ್ ಮಾಡಿ, ಸಿನಿಮಾವನ್ನು ಬರೀ ಬೆಳಕು-ನೆರಳಿಗೆ ಇಳಿಸುತ್ತಾನೆ. ಚಿತ್ರ ಮುಗಿದೊಡನೆ, ದುರಂತದ ಹೊಡೆತಕ್ಕೆ ಮಾತು ಸತ್ತವನಂತೆ, ಗುದ್ದಲಿ ಹೆಗಲಿಗೇರಿಸಿ ಕಬ್ಬಿನೊಳಗೆ ಮರೆಯಾಗುತ್ತಾನೆ. ಕೊನೆಯ ಸಾಲು ಬರೆಯುವಾಗ ಸರ್ ಅವರ ಕಣ್ಣು ಒದ್ದೆಯಾಗಿತ್ತು.

"ರವಿವಾರ ಗೋಕಾಕಕ್ಕ ಬರಬೇಕ್ರಿ, ನಾಕ ಮಾತಾಡಾಕ," ಎಂದು, ಅವನು ಕಬ್ಬಿನಿಂದ ಹೊರಬಂದೊಡನೆ ಕೈ ಮುಗಿದರು.

"ನಾ ಏನ್ ಮಾತಾಡ್ಲಿರಿ ಸರ," ಎಂದ ಭೀಮಶಿ.

ರೊಟ್ಟಿ ಗಂಟು ತಂದಿದ್ದ ಹೆಂಡತಿ ಕಸ್ತೂರಿ ಗಂಡನ ಕಡೆ ತಿರುಗಿದಳು: "ಹೋಗಿ ಬರ್ರಲ್ಲ. ರವಿವಾರ ಕರೆಂಟ್ ಲೈನ್ ಇರಂಗಿಲ್ಲ. ಹೆಂಗೂ ನೀವು ಅವತ್ತ ಪಿಚ್ಚರ್ ನೋಡಂಗಿಲ್ಲ."

ವಾರಕ್ಕೊಂದು ದಿನ ಕಣ್ಣಿಗೂ ಉಪವಾಸ ಎಂದು ಸರ್ ಅದನ್ನೂ ಬರೆದುಕೊಂಡರು.

ರವಿವಾರ ಕೋಣೆ ತುಂಬಿತು. ಮೂಡಲಗಿಯಿಂದ ಬಂದವರು ಟಿವಿಯ ಸಂಗತಿ ಖರೆಯೇ ಎಂದು ಹುಕ್ಕೇರಿಯವರನ್ನು ಕೇಳುತ್ತಿದ್ದರು. ನಿಡಸೋಸಿಯ ಎಂಜಿನಿಯರಿಂಗ್ ಹುಡುಗಿಯರು ಮೊದಲ ಸಾಲಿನಲ್ಲಿದ್ದರು. ಸರ್ ನಲವತ್ತೈದು ನಿಮಿಷ ಮಾತಾಡಿದರು. ಕತ್ತಲೆ, ಮೌನ, ವಿಧಿ, ಮತ್ತೆ ಕತ್ತಲೆ. ಫ್ಯಾನಿನ ಸದಸ್ಯ ನಿದ್ದೆ ಹೋದ. ಪಕ್ಕದ ಕುರ್ಚಿಯಲ್ಲಿ ಭೀಮಶಿ, ಇಸ್ತ್ರಿ ಅಂಗಿ ತೊಟ್ಟು, ಬೇರೆ ಯಾರದೋ ಸನ್ಮಾನಕ್ಕೆ ಬಂದವನಂತೆ ಕೂತಿದ್ದ.

ಸುಂದ್ರವ್ವ ಎದ್ದು ನಿಂತರು. "ಸರ, ನಿಮ್ಮದು ಈ ಸಲಾನೂ ತಿಳೀಲಿಲ್ಲ. ಭೀಮಶಿ, ನೀ ಹೇಳಪಾ. ಕಂಬಳಿ ಯಾಕ? ಸಪ್ಪಳ ಯಾಕ ಬಂದ್ ಮಾಡ್ತಿ?"

"ಬಿಸಲಾಗ ಮೊಬೈಲ್ ಕಾಣಂಗಿಲ್ರಿ ಅಕ್ಕಾರ, ಅದಕ್ಕ ಕಂಬಳಿ. ಕಿವಿ ನೀರಿನ ಮೋಟರ್ ಮ್ಯಾಲ ಇರಬೇಕ್ರಿ, ಅದಕ್ಕ ಸಪ್ಪಳ ಬಂದ್."

"ಪಿಚ್ಚರ್ ಮುಗಿದ ಕೂಡ್ಲೆ ಮಾತಾಡದ ಹೊಕ್ಕೀಯಂತಲ್ಲ?"

"ಎಂಟು ಸಾಲಿಗೆ ನೀರ್ ಬಿಟ್ರ ತುಂಬಾಕ ಒಂದೂವರಿ ತಾಸ್ ಹಿಡೀತೈತ್ರಿ. ಈ ಪಿಚ್ಚರೂ ಒಂದೂವರಿ ತಾಸ ಅದಾವು. ಮುಗೀತಂದ್ರ ಎದ್ದು ಮುಂದಿನ ಸಾಲಿಗೆ ನೀರ್ ತಿರುವಬೇಕಲ್ರಿ."

"ಬಣ್ಣದ್ದ ನೋಡಿಲ್ಲ?"

"ಒಮ್ಮಿ ನೋಡೇನ್ರಿ. ಹಾಡಾ ಕುಣತಾ ಹಿಡದು ಮೂರ್ ತಾಸ ಆತು. ನೀರೆಲ್ಲಾ ಒಡ್ಡ ಒಡದು ಬಾಜೂ ಯಲ್ಲೇಶನ ಹೊಲಕ್ಕ ಹೋಗಿ ಅವನ ಅರಿಷಿಣ ಕೊಳೀತ್ರಿ. ಇನ್ನೂ ಮಾತಾಡಸಂಗಿಲ್ಲ ಅಂವ."

ಮೂಡಲಗಿಯ ರೈತನೊಬ್ಬ ಆ ಒಂದೂವರೆ ತಾಸಿನ ಪಿಚ್ಚರುಗಳ ಕಾರ್ಡು ಎಲ್ಲಿ ಸಿಗುತ್ತದೆ ಎಂದು ಪಕ್ಕದವನನ್ನು ಕೇಳಿದ. ಸುಂದ್ರವ್ವ ಕನ್ನಡಕ ಒರೆಸಿಕೊಂಡು, "ಪೂರಾ ತಿಳೀತು. ಕೋಣಿ ನಿಮ್ಮದ ಸರ," ಎಂದರು.

ಕೋಣೆ ಗೆದ್ದ ಶಿದ್ಲಿಂಗಪ್ಪ ಸರ್ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎರಡು ವರ್ಷದಲ್ಲಿ ಅವರ ಬಕ್ಕತಲೆಯನ್ನು ಬಳಗ ನೋಡಿದ್ದು ಅಂದೇ ಮೊದಲು. ಆದರೂ ಆಸೆ ಪೂರ್ತಿ ಸತ್ತಿರಲಿಲ್ಲ. ಭೀಮಶಿಯ ಕಡೆ ಬಾಗಿ, ಬೇಡುವ ದನಿಯಲ್ಲಿ ಕೇಳಿದರು: "ಹಂಗಾದ್ರೂ ಅಣ್ಣಾರ, ಆ ನಲವತ್ತರಾಗ ನಿಮ್ಮ ಮನಸ್ಸಿಗೆ ನಾಟಿದ್ದು ಯಾವುದರೆ ಒಂದು ಇರಬೇಕಲ್ರಿ?"

ಭೀಮಶಿ ಬೆರಳು ಮಡಚಿ ಎಣಿಸಿದ.

"ಹದಿನೇಳನೇದ್ರಿ. ಅದು ಉಳಿದವಕ್ಕಿಂತ ಹತ್ತ ನಿಮಿಷ ಉದ್ದ ಐತಿ, ಕಡೀ ಸಾಲಿಗೂ ನೀರ್ ಮುಟ್ಟತೈತಿ."